ಒಂದು ಊರಿಗೆ ಒಂದೇ ಹೆಸರು ಸಾಲದು

ಗುಬ್ಬಿ ಅಂದರೆ ವೀರಣ್ಣ, ಕುಣಿಗಲ್ ಅಂದರೆ ಕುದುರೆ, ತುಮಕೂರು ಅಂದರೆ ಸಿದ್ಧಗಂಗೆ. ಬೆಂಗಳೂರಿನಿಂದ ಹೊರಟ ಬಸ್ಸು ನೆಲಮಂಗಲ ದಾಟುವಷ್ಟರಲ್ಲಿ ಈ ಮೂರು ಊರುಗಳ ಕಥೆ ಮುಗಿದುಹೋಗುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ದೊಡ್ಡ ಹೆಸರೊಂದು ಊರಿನ ಮೇಲೆ ಕೂತುಬಿಟ್ಟರೆ ಅದರಡಿಯಲ್ಲಿ ಮಿಕ್ಕವರು ಕಾಣುವುದಿಲ್ಲ. ಲಂಡನ್ನಿನ ವೈಟ್‌ಚಾಪೆಲ್‌ಗೂ ಇದೇ ಗತಿ. 1888ರಲ್ಲಿ ಅಲ್ಲಿ ಹೆಂಗಸರನ್ನು ಕೊಂದು ಸಿಕ್ಕಿಬೀಳದೆ ಹೋದ ಜ್ಯಾಕ್ ದಿ ರಿಪ್ಪರ್ ಎಲ್ಲರಿಗೂ ಗೊತ್ತು. ಬಿಗ್ ಬೆನ್ ಗಂಟೆ ಎರಕಗೊಂಡದ್ದು ಅದೇ ಬಡಾವಣೆಯಲ್ಲಿ ಅನ್ನುವುದು ಎಷ್ಟು ಜನಕ್ಕೆ ಗೊತ್ತು? ನಮ್ಮ ಕಡೆ ಕೊಲೆಗಾರನ ಜಾಗದಲ್ಲಿ ನಟರೂ ಸುಲ್ತಾನರೂ ಶಿಲ್ಪಿಗಳೂ ಕೂತಿದ್ದಾರೆ, ಅಷ್ಟೇ ವ್ಯತ್ಯಾಸ. ಹಾಗಾಗಿ ನಾವು ಸಲೀಸಾಗಿ ಹೇಳಿಕೊಂಡು ಬಂದ ಕೆಲವು ಮಾತುಗಳನ್ನು ಒಂದೊಂದಾಗಿ ಕೆದಕಬೇಕಾಗಿದೆ.

ತಪ್ಪು ಕಲ್ಪನೆ: ಗುಬ್ಬಿ ಕಂಪನಿಯನ್ನು ಕಟ್ಟಿದವರು ಗುಬ್ಬಿ ವೀರಣ್ಣ.

ವೀರಣ್ಣ ಹುಟ್ಟಿದ್ದು 1891ರಲ್ಲಿ. ಕಂಪನಿ ಹುಟ್ಟಿದ್ದು 1884ರಲ್ಲಿ. ಲೆಕ್ಕ ಇಲ್ಲಿಗೇ ಮುಗಿಯಬೇಕು, ಆದರೂ ಭಾಷಣಗಳಲ್ಲಿ 'ಸ್ಥಾಪಕ ವೀರಣ್ಣ' ಎಂಬ ಮಾತು ನಿಂತಿಲ್ಲ. ಗುಬ್ಬಿಯ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದವರು ಸೇರಿ ಊರದೇವರ ಹೆಸರಿನಲ್ಲಿ ಶುರುಮಾಡಿದ ಮಂಡಳಿ ಅದು: ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ಚನ್ನಬಸವೇಶ್ವರನ ಕೃಪೆಯ ಮಂಡಳಿಯನ್ನು ಕಟ್ಟುವವರ ಸಾಲಿನಲ್ಲಿ ಒಬ್ಬ ಸಾಹೇಬರು ಇದ್ದದ್ದು ಆಗಿನ ಗುಬ್ಬಿಗೆ ವಿಶೇಷವಾಗಿ ಕಂಡಿರಲಿಕ್ಕಿಲ್ಲ. ಈಗ ನಮಗೆ ಕಾಣುತ್ತದೆ, ಅದು ನಮ್ಮ ಕಾಲದ ದೋಷ.

ವೀರಣ್ಣನವರು ಸಣ್ಣ ಹುಡುಗನಾಗಿ ಕಂಪನಿಗೆ ಬಂದರು, 1917ರಲ್ಲಿ ಅದರ ಒಡೆತನ ವಹಿಸಿಕೊಂಡರು. ಅವರ ದೊಡ್ಡತನ ಇರುವುದು ಹುಟ್ಟಿಸಿದ್ದರಲ್ಲಲ್ಲ, ಬೆಳೆಸಿದ್ದರಲ್ಲಿ. ಗಂಡಸರೇ ಸೀರೆಯುಟ್ಟು ಹೆಣ್ಣುಪಾತ್ರ ಮಾಡುತ್ತಿದ್ದ ರಂಗಕ್ಕೆ ಹೆಂಗಸರನ್ನು ಕರೆತಂದರು, ಬಿ. ಜಯಮ್ಮನವರಂಥ ನಟಿ ಬೆಳಗಿದ್ದು ಅಲ್ಲೇ. 'ಕುರುಕ್ಷೇತ್ರ'ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದರು. ಮನೆ ಬಿಟ್ಟು ಓಡಿಬಂದ ಹುಡುಗ ಬಿ.ವಿ. ಕಾರಂತರನ್ನು ಇಟ್ಟುಕೊಂಡು ಸಾಕಿದ್ದಲ್ಲದೆ, ಮುಂದೆ ಓದಲೆಂದು ಕಾಶಿಗೆ ಕಳಿಸಿದವರೂ ಅವರೇ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲರೂ ಈ ಕಂಪನಿಯ ಅನ್ನ ಉಂಡವರು.

ಇನ್ನೊಂದು ಮಾತು ನಗು ತರಿಸುವಂಥದ್ದು. ಇಷ್ಟು ದೊಡ್ಡ ಮನುಷ್ಯರನ್ನು ಜನ ಮೆಚ್ಚಿಕೊಂಡ ಪಾತ್ರ ಯಾವುದು? ಅರ್ಜುನನಲ್ಲ, ಭೀಮನಲ್ಲ, 'ಸದಾರಮೆ'ಯ ಕಳ್ಳ. ಗುಬ್ಬಿ ಸೀಮೆಯ ಅತಿ ಪ್ರಸಿದ್ಧ ಕಳ್ಳ ಯಾರು ಅಂದರೆ ಪೊಲೀಸ್ ದಾಖಲೆ ನೋಡುವ ಅಗತ್ಯವಿಲ್ಲ, ರಂಗದ ಚರಿತ್ರೆ ನೋಡಿದರೆ ಸಾಕು. ಆ ಕಳ್ಳನನ್ನು ಕಂಪನಿಗೆ ಬರೆದುಕೊಟ್ಟವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು, ತುಮಕೂರು ತಾಲ್ಲೂಕಿನ ಬೆಳ್ಳಾವಿಯವರು. 1934ರಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ಮಾತು, ಹಾಡುಗಳೂ ಅವರವೇ. ಅಂದರೆ ಕನ್ನಡ ಸಿನಿಮಾ ಬಾಯಿ ತೆರೆದು ಮೊದಲು ಆಡಿದ ಮಾತು ಬೆಳ್ಳಾವಿಯವರೊಬ್ಬರ ಲೇಖನಿಯದು. ಇದನ್ನು ಬೆಳ್ಳಾವಿಯ ತೆಂಗಿನಕಾಯಿ ವ್ಯಾಪಾರದಷ್ಟೇ ಜೋರಾಗಿ ಹೇಳಿಕೊಳ್ಳಬಹುದಿತ್ತು. ವೀರಣ್ಣನವರ ಹೆಸರಿನ ನೆರಳಲ್ಲಿ ಶಾಸ್ತ್ರಿಗಳು ಹಿಂದೆ ಸರಿದುಬಿಟ್ಟರು.

ತಪ್ಪು ಕಲ್ಪನೆ: ಗುಬ್ಬಿಯ ಸಾಹಿತ್ಯ ಅಂದರೆ ಕಂಪನಿ ನಾಟಕ.

ಕಂಪನಿಗೂ ಮುನ್ನೂರೈವತ್ತು ವರ್ಷಕ್ಕಿಂತ ಹಿಂದೆ, ಕೃಷ್ಣದೇವರಾಯನ ಕಾಲದಲ್ಲಿ, ಗುಬ್ಬಿಯ ಮಲ್ಲಣಾರ್ಯ 'ಭಾವಚಿಂತಾರತ್ನ' (1513) ಮತ್ತು 'ವೀರಶೈವಾಮೃತ ಪುರಾಣ' (1530) ಬರೆದ. ಮೊದಲನೆಯದು ಸತ್ಯೇಂದ್ರ ಚೋಳನ ಕಥೆ. ಎಂ.ಎ. ಪಠ್ಯದ ಆಚೆ ಈಗ ಯಾರೂ ಓದುವುದಿಲ್ಲ. ಊರಿನ ಹೆಸರನ್ನು ತನ್ನ ಹೆಸರಿಗಂಟಿಸಿಕೊಂಡು ಸಾಹಿತ್ಯ ಚರಿತ್ರೆಗೆ ಹೋದ ಗುಬ್ಬಿಯ ಹಿರಿಯ ಕವಿ ಅವನು ಅಂತ ಮಾತ್ರ ನೆನಪಿಟ್ಟುಕೊಳ್ಳೋಣ.

ತಪ್ಪು ಕಲ್ಪನೆ: ವಚನಗಳು ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಹುಟ್ಟಿ, ಅಲ್ಲಿಗೇ ಮುಗಿದವು.

ಕುಣಿಗಲ್ ತಾಲ್ಲೂಕಿನವರೇ ಹೀಗೆ ಹೇಳುವುದನ್ನು ಕೇಳಿದಾಗ ಬೇಸರವಾಗುತ್ತದೆ. ಎಡೆಯೂರಿಗೆ ಹೋಗುತ್ತಾರೆ, ಸಿದ್ಧಲಿಂಗೇಶ್ವರನಿಗೆ ಕೈಮುಗಿಯುತ್ತಾರೆ, ತೇರು ಎಳೆಯುತ್ತಾರೆ, ದಾಸೋಹದಲ್ಲಿ ಉಂಡು ಬರುತ್ತಾರೆ. ಆ ಗದ್ದುಗೆಯಲ್ಲಿ ಇರುವವರು ಒಬ್ಬ ವಚನಕಾರರು ಅನ್ನುವುದು ಮಾತ್ರ ಮರೆತುಹೋಗಿದೆ.

ತೋಂಟದ ಸಿದ್ಧಲಿಂಗ ಯತಿಗಳು ಚಾಮರಾಜನಗರದ ಹತ್ತಿರದ ಹರದನಹಳ್ಳಿಯಿಂದ ಬಂದವರು. ನಾಗಿನಿ ಹೊಳೆಯ ದಡದ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ, ಎಡೆಯೂರಿನಲ್ಲಿ ಐಕ್ಯರಾದರು ಎನ್ನುತ್ತದೆ ಪರಂಪರೆ. ಮೈಮೇಲೆ ಹುತ್ತ ಬೆಳೆದ ಕಥೆ ಎಲ್ಲರಿಗೂ ಗೊತ್ತು. ಹುತ್ತದಷ್ಟೇ ಗಟ್ಟಿಯಾಗಿ ನಿಂತ ಇನ್ನೊಂದು ಸಂಗತಿ ಇದೆ: ಅವರ 'ಷಟ್‌ಸ್ಥಲ ಜ್ಞಾನಸಾರಾಮೃತ'ದಲ್ಲಿರುವ 701 ವಚನಗಳು. ಬಸವಣ್ಣನವರ ಕಾಲಕ್ಕೂ ಇವರ ಕಾಲಕ್ಕೂ ನಡುವೆ ಸುಮಾರು ಮುನ್ನೂರು ವರ್ಷ. ಆ ನಡುಗಾಲದಲ್ಲಿ ವಚನ ಬರೆಯುವುದು ಬಹುಮಟ್ಟಿಗೆ ನಿಂತೇಹೋಗಿತ್ತು. ಮತ್ತೆ ಚಿಗುರಿದ್ದು ಕಲ್ಯಾಣದಲ್ಲಲ್ಲ, ಈ ರಾಗಿ ಹೊಲಗಳ ನಡುವೆ.

ಬರೆಯುವುದಷ್ಟೇ ಅಲ್ಲ, ಹಳೆಯ ವಚನಗಳನ್ನು ಹುಡುಕಿ ಜೋಡಿಸುವ ಕೆಲಸವೂ ಇವರ ಪರಂಪರೆಯಲ್ಲಿ ನಡೆಯಿತು. ಅಲ್ಲಮಪ್ರಭುವನ್ನು ನಡುವೆ ನಿಲ್ಲಿಸಿ ಶರಣರ ಮಾತುಕತೆಯನ್ನು ಸಂವಾದದ ರೂಪದಲ್ಲಿ ಪೋಣಿಸಿದ 'ಶೂನ್ಯಸಂಪಾದನೆ'ಗೆ ನಾಲ್ಕು ಆವೃತ್ತಿಗಳಿವೆ. ಕೊನೆಯದನ್ನು ಮಾಡಿದವರು ಗೂಳೂರು ಸಿದ್ಧವೀರಣ್ಣೊಡೆಯರು. ಗೂಳೂರು ಅಂದರೆ ತುಮಕೂರಿನಿಂದ ಕುಣಿಗಲ್ ರಸ್ತೆಯಲ್ಲಿ ಸಿಗುವ ಅದೇ ಗೂಳೂರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ಕೊಟ್ಟದ್ದು ಈ ಗೂಳೂರು ಆವೃತ್ತಿಯನ್ನೇ. ಇವತ್ತು ಗೂಳೂರು ಅಂದರೆ ಆಳೆತ್ತರ ಮೀರಿದ ಮಣ್ಣಿನ ಗಣಪತಿ, ಅದರ ಜಾತ್ರೆ. ಗಣಪತಿಯ ಮೇಲೆ ನನ್ನ ತಕರಾರಿಲ್ಲ, ಪಕ್ಕದಲ್ಲಿ ಸಿದ್ಧವೀರಣ್ಣೊಡೆಯರಿಗೂ ಒಂದಿಷ್ಟು ಜಾಗ ಇರಲಿ.

ತಪ್ಪು ಕಲ್ಪನೆ: ಕೈದಾಳದ ಚನ್ನಕೇಶವ ದೇವಾಲಯ ಜಕಣಾಚಾರಿಯದು.

ಗೂಳೂರಿನ ಆಚೆಯೇ ಕೈದಾಳ. ಕಥೆ ನಮಗೆಲ್ಲ ಬಾಯಿಪಾಠ: ಜಕಣಾಚಾರಿ ಕೆತ್ತಿದ ಬೇಲೂರಿನ ವಿಗ್ರಹದಲ್ಲಿ ದೋಷವಿದೆ ಎಂದು ಮಗ ಡಂಕಣ ತೋರಿಸಿದ, ಕಲ್ಲೊಳಗಿನಿಂದ ಕಪ್ಪೆ ಹೊರಬಂತು, ತಂದೆ ತನ್ನ ಬಲಗೈ ಕಡಿದುಕೊಂಡ, ಹುಟ್ಟೂರಿನಲ್ಲಿ ಗುಡಿ ಕಟ್ಟಿದಾಗ ಕೈ ಮರಳಿ ಬಂತು. 1964ರಲ್ಲಿ 'ಅಮರಶಿಲ್ಪಿ ಜಕಣಾಚಾರಿ' ಬಂದ ಮೇಲಂತೂ, ಅದೂ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, ಕಥೆಗೆ ಕಲ್ಯಾಣ್‌ಕುಮಾರ್ ಮುಖ ಅಂಟಿಕೊಂಡು ಚರಿತ್ರೆಯೇ ಆಗಿಬಿಟ್ಟಿತು. ಈಗ ಜನವರಿ 1ರಂದು ಸರ್ಕಾರವೇ ಸಂಸ್ಮರಣ ದಿನ ಆಚರಿಸುತ್ತದೆ.

ಶಾಸನ ಹೇಳುವುದೇ ಬೇರೆ. ಗುಡಿಯನ್ನು ಸುಮಾರು 1150ರಲ್ಲಿ ಕಟ್ಟಿಸಿದವನು ಹೊಯ್ಸಳ ಒಂದನೇ ನರಸಿಂಹನ ಸಾಮಂತ ಬಾಚಿದೇವ. ಕಥೆ ಒಂದೇ ಉಸಿರಿಗೆ ಜೋಡಿಸುವ ಬೇಲೂರಿನ ಗುಡಿ ಪ್ರತಿಷ್ಠೆಯಾದದ್ದು ಅದಕ್ಕೂ ಮೂವತ್ತು ವರ್ಷಕ್ಕಿಂತ ಹಿಂದೆ, 1117ರಲ್ಲಿ. ಹೊಯ್ಸಳ ಶಿಲ್ಪಿಗಳು ಹೆಸರು ಬಚ್ಚಿಟ್ಟುಕೊಂಡ ವಿನಯವಂತರೂ ಅಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮುಂದಿನ ಶತಮಾನದ ಮಲ್ಲಿತಮ್ಮ ಇವರೆಲ್ಲ ವಿಗ್ರಹಗಳ ಪೀಠದಲ್ಲಿ ರುಜು ಹಾಕಿದ್ದಾರೆ, ಬಿರುದುಗಳನ್ನೂ ಕೆತ್ತಿಕೊಂಡಿದ್ದಾರೆ. ಆ ರುಜುಗಳ ನಡುವೆ ಜಕಣಾಚಾರಿ ಇಲ್ಲ.

ಹಾಗೆಂದು ಕಥೆಯನ್ನು ಎಸೆಯಬೇಕಿಲ್ಲ. ತಂದೆಯ ತಪ್ಪನ್ನು ಮಗ ತೋರಿಸುವ, ತಂದೆ ಒಪ್ಪಿಕೊಳ್ಳುವ ಕಥೆ ನಮ್ಮಲ್ಲಿ ಎಷ್ಟಿವೆ? ಕಥೆಯಾಗಿ ಅದು ಚೆನ್ನ. ದೇವಸ್ಥಾನದ ಬೋರ್ಡಿನಲ್ಲಿ ಮಾತ್ರ ಬಾಚಿದೇವನ ಹೆಸರು ಮೊದಲು ಬರಬೇಕು.

ತಪ್ಪು ಕಲ್ಪನೆ: ಟಿಪ್ಪುವಿನ ಯುದ್ಧಗಳು ಶ್ರೀರಂಗಪಟ್ಟಣದಲ್ಲಿ ನಡೆದವು, ಈ ಕಡೆಗೆ ಅದರ ಬಿಸಿ ತಟ್ಟಲಿಲ್ಲ.

1791ರ ಮೇ ತಿಂಗಳಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೂ ಹೋಗಿ ಬರಿಗೈಯಲ್ಲಿ ವಾಪಸಾದ. ಸೋಲಿಸಿದ್ದು ಫಿರಂಗಿಯಲ್ಲ, ಹಸಿವು. ಮಳೆ ಹಿಡಿದಿತ್ತು, ಸೈನಿಕರಿಗೆ ಅಕ್ಕಿಯಿಲ್ಲ, ಎತ್ತುಗಳು ಸತ್ತವು. ಎಳೆಯುವವರಿಲ್ಲದೆ ತನ್ನ ಭಾರಿ ತೋಪುಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿದ. ಮುಂದಿನ ಸಲ ಹೋಗುವ ಮೊದಲು ಬೆಂಗಳೂರಿನಿಂದ ದವಸ ಸಾಗುವ ದಾರಿ ಭದ್ರವಾಗಬೇಕಿತ್ತು. ಆ ದಾರಿಯ ಮೇಲೆ ಕಣ್ಣಿಟ್ಟು ನಿಂತಿದ್ದವು ಸಾವನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ. ಕೊನೆಯ ಎರಡೂ ಕುಣಿಗಲ್ ತಾಲ್ಲೂಕಿನವು. ಆ ವರ್ಷದ ಡಿಸೆಂಬರ್ 21ರಂದು ಸಾವನದುರ್ಗ ಬಿತ್ತು, ಮೂರೇ ದಿನಕ್ಕೆ ಹುತ್ರಿದುರ್ಗವೂ ಬಿತ್ತು. ಫೆಬ್ರುವರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ, ಮಾರ್ಚಿನಲ್ಲಿ ಒಪ್ಪಂದ, ಟಿಪ್ಪುವಿನ ಅರ್ಧ ರಾಜ್ಯ ಕೈಬಿಟ್ಟುಹೋಯಿತು. ಶಾಲೆಯ ಪುಸ್ತಕದಲ್ಲಿ ಒಪ್ಪಂದ ಬರುತ್ತದೆ, ಹುತ್ರಿದುರ್ಗ ಬರುವುದಿಲ್ಲ. ಈಗ ಭಾನುವಾರದ ಚಾರಣಿಗರು ಕೆಂಪೇಗೌಡನ ಕೋಟೆ ಎಂದು ಹತ್ತಿ, ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಕೆಂಪೇಗೌಡನ ಕೋಟೆ ಅನ್ನುವುದು ಸರಿ, ಅದು ಅದರ ಮೊದಲ ಅಧ್ಯಾಯ ಮಾತ್ರ.

ತಪ್ಪು ಕಲ್ಪನೆ: ಕುಣಿಗಲ್ ಸ್ಟಡ್ ಫಾರಂ ಮಲ್ಯ ಮಾಡಿದ್ದು.

ಇದು ಬೆಂಗಳೂರಿನ ರೇಸ್ ಪ್ರಿಯರ ಮಾತು. ಉದ್ಯಮಿ ವಿಜಯ್ ಮಲ್ಯ ಅವರ ಕಂಪನಿಗೆ ಸರ್ಕಾರ ಫಾರಂ ಅನ್ನು ಗುತ್ತಿಗೆಗೆ ಕೊಟ್ಟದ್ದು 1992ರಲ್ಲಿ. ಅದಕ್ಕೂ ಇನ್ನೂರು ವರ್ಷ ಹಿಂದೆ ಅಲ್ಲಿ ಟಿಪ್ಪುವಿನ ಸೇನೆಗೆ ಕುದುರೆ ಬೆಳೆಯುತ್ತಿದ್ದವು. ರೇಸಿನ ಕುದುರೆ ಬಂದದ್ದು ಬಹಳ ತಡವಾಗಿ. ಮೊದಲು ಬೇಕಿದ್ದದ್ದು ಓಟದಲ್ಲಿ ಗೆಲ್ಲುವುದಲ್ಲ, ಸವಾರನನ್ನೂ ಅವನ ಆಯುಧವನ್ನೂ ಹೊತ್ತು ದಿನಗಟ್ಟಲೆ ನಡೆಯುವುದು. ನಾನೂರಕ್ಕೂ ಹೆಚ್ಚು ಎಕರೆಯ ಆ ಹಸಿರನ್ನು ಟೌನ್‌ಶಿಪ್ ಮಾಡುವ ಮಾತು ಈಚೆಗೆ ಎದ್ದಾಗ ಊರಿನವರು ವಿರೋಧಿಸಿದ್ದಕ್ಕೆ ಇದೂ ಒಂದು ಕಾರಣ.

ತಪ್ಪು ಕಲ್ಪನೆ: ದೇವರಾಯನದುರ್ಗ ವಿಜಯನಗರದ ದೇವರಾಯನದು, ಅಲ್ಲಿ ಯಾವತ್ತೂ ಇದ್ದದ್ದು ಕೋತಿಗಳು ಮಾತ್ರ.

ಹೆಸರು ಬಂದದ್ದು ಮೈಸೂರಿನ ಚಿಕ್ಕದೇವರಾಜ ಒಡೆಯರಿಂದ. ಅದಕ್ಕೂ ಹಿಂದೆ ಜಡಕ ಎಂಬ ಪಾಳೆಯಗಾರನ ಹೆಸರಿನಲ್ಲಿ ಅದು ಜಡಕನ ದುರ್ಗ. ಇನ್ನೂ ಹಿಂದಕ್ಕೆ ಹೋದರೆ ಬ್ರಿಟಿಷರ ಕಾಲದ ಅಧಿಕಾರಿ ರೈಸ್ ಬರೆದ ಮೈಸೂರು ಗೆಜೆಟಿಯರಿನಲ್ಲಿ ದಾಖಲಾದ ಸ್ಥಳಕಥೆಯೊಂದು ಸಿಗುತ್ತದೆ. ಅದರಲ್ಲಿ ಈ ಬೆಟ್ಟ ಅಂಧಕನೆಂಬ ದರೋಡೆಕೋರರ ನಾಯಕನ ಅಡಗುತಾಣ. ಸುಮತಿ ಎಂಬ ರಾಜಕುಮಾರ ಬಂದು ಅವನನ್ನು ಅಡಗಿಸಿದ. ಕಥೆಯೇ ಇರಬಹುದು, ಆದರೂ ಕಾಡು, ಬಂಡೆ, ಪಕ್ಕದಲ್ಲೇ ಪೇಟೆಗಳಿಗೆ ಹೋಗುವ ದಾರಿ ಇರುವ ಜಾಗವನ್ನು ದರೋಡೆಕೋರ ಬಿಟ್ಟಾನೆಯೇ? 1800ರಲ್ಲಿ ಮೈಸೂರು ಸೀಮೆಯ ಸಮೀಕ್ಷೆಗೆ ಬಂದ ಬುಕಾನನ್ ಗುಬ್ಬಿಯ ಸಂತೆಯನ್ನು ವಿವರಿಸಿದ ರೀತಿ ನೋಡಿದರೆ, ಈ ದಾರಿಗಳಲ್ಲಿ ಹೊತ್ತು ಸಾಗಿಸಲು ಸರಕಿಗೆ ಕೊರತೆಯಿರಲಿಲ್ಲ.

ಕೋತಿಗಳು ಮಾತ್ರ ಎಂಬ ಮಾತೂ ನಿಲ್ಲುವುದಿಲ್ಲ, ಅಲ್ಲಿ ಹುಲಿಯೂ ಇತ್ತು. ಬೇಟೆಗಾರ ಕೆನೆತ್ ಆಂಡರ್ಸನ್ 1954ರ ತನ್ನ ಮೊದಲ ನರಭಕ್ಷಕ ಸಂಕಲನದಲ್ಲಿ ಒಂದು ಪೂರ್ತಿ ಅಧ್ಯಾಯವನ್ನು ದೇವರಾಯನದುರ್ಗದ ಒಂಟಿ ಹುಲಿಗೆ ಕೊಟ್ಟಿದ್ದಾನೆ. ಅದನ್ನು ಆತ ಕರೆದದ್ದು 'ಸನ್ಯಾಸಿ' ಎಂದು. ತೇಜಸ್ವಿಯವರ 'ಕಾಡಿನ ಕಥೆಗಳು' ಓದಿ ಬೆಳೆದವರಿಗೆ ಆಂಡರ್ಸನ್ ಗೊತ್ತು, ಆದರೆ ಆತ ನಮ್ಮ ಯೋಗ ನರಸಿಂಹನ ಬೆಟ್ಟದ ತಪ್ಪಲಲ್ಲಿ ಕೋವಿ ಹಿಡಿದು ಅಲೆದವನು ಎಂದರೆ ಹುಬ್ಬೇರಿಸುತ್ತಾರೆ. ಕಾಡಿನ ಭಯ ಹಳೆಯ ಪುಸ್ತಕದಲ್ಲೇ ಉಳಿದದ್ದೂ ಅಲ್ಲ. 2019ರ ಕೊನೆ, 2020ರ ಆರಂಭದಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಕೂಡುವ ಹಳ್ಳಿಗಳಲ್ಲಿ ಚಿರತೆಯ ದಾಳಿಗೆ ಮಕ್ಕಳೂ ಸೇರಿದಂತೆ ಹಲವರು ಸತ್ತರು. ದನ ಮೇಯಿಸಲು ಹೋಗುವವರು ಆಗ ಒಬ್ಬೊಬ್ಬರೇ ಹೋಗುವುದನ್ನು ಬಿಟ್ಟಿದ್ದರು.

ತಪ್ಪು ಕಲ್ಪನೆ: ಸಿದ್ಧಗಂಗಾ ಮಠ ಶಿವಕುಮಾರ ಸ್ವಾಮೀಜಿಯವರಿಂದ ಶುರುವಾಯಿತು.

ಮಠದ ಪರಂಪರೆ ಗೋಸಲ ಸಿದ್ಧೇಶ್ವರರವರೆಗೆ ಹಿಂದಕ್ಕೆ ಹೋಗುತ್ತದೆ. ಸಂಸ್ಕೃತ ಪಾಠಶಾಲೆಯನ್ನು 1917ರಲ್ಲಿ ತೆರೆದವರು ಉದ್ದಾನ ಶಿವಯೋಗಿಗಳು. ಮಾಗಡಿ ತಾಲ್ಲೂಕಿನ ವೀರಾಪುರದ ಶಿವಕುಮಾರರು ಸನ್ಯಾಸ ಪಡೆದದ್ದು 1930ರಲ್ಲಿ, ಮಠದ ಹೊಣೆ ಹೊತ್ತದ್ದು 1941ರಲ್ಲಿ. ಆಮೇಲಿನ ಎಪ್ಪತ್ತೆಂಟು ವರ್ಷದ್ದನ್ನು ನಾನು ಹೇಳಬೇಕಾಗಿಲ್ಲ, ಆ ಮಠದಲ್ಲಿ ಉಂಡು ಓದಿದವರು ಪ್ರತಿ ಊರಿನಲ್ಲೂ ಇದ್ದಾರೆ.

ತಪ್ಪು ಕಲ್ಪನೆ: ಗುಬ್ಬಿಯಲ್ಲಿ ಈಗ ಫೈಟರ್ ಜೆಟ್ ತಯಾರಾಗುತ್ತದೆ.

ತಯಾರಿಗೆಂದು ಕಟ್ಟಿರುವುದು ಹೆಲಿಕಾಪ್ಟರ್ ಕಾರ್ಖಾನೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಎಚ್‌ಎಎಲ್ ಘಟಕಕ್ಕೆ ಶಂಕುಸ್ಥಾಪನೆಯಾದದ್ದು 2016ರ ಜನವರಿಯಲ್ಲಿ, ಉದ್ಘಾಟನೆ 2023ರ ಫೆಬ್ರುವರಿ 6ರಂದು. ಮೊದಲ ಸರದಿ ಲಘು ಉಪಯೋಗಿ ಹೆಲಿಕಾಪ್ಟರುಗಳದು: ಸಿಯಾಚಿನ್‌ನಂಥ ಎತ್ತರಕ್ಕೆ ಆಳು, ಸಾಮಾನು ಮುಟ್ಟಿಸುವ ಸಣ್ಣ ಯಂತ್ರಗಳು. ಇನ್ನು ಆ ಜಾಗದ ಹೆಸರಿನಲ್ಲಿರುವ 'ಕಾವಲ್': ಹಳೆ ಮೈಸೂರಿನ ಕಾವಲುಗಳೆಂದರೆ ಸರ್ಕಾರಿ ದನಗಳಿಗೆ ಬಿಟ್ಟ ಹುಲ್ಲುಗಾವಲುಗಳು. ಹೈದರ್, ಟಿಪ್ಪುವಿನ ಫಿರಂಗಿ ಗಾಡಿಗಳನ್ನು ಎಳೆದ ಅಮೃತಮಹಲ್ ಎತ್ತುಗಳು ಮೇದದ್ದು ಅಂಥ ಕಾವಲುಗಳಲ್ಲಿ. ಕಾರ್ನ್‌ವಾಲಿಸ್‌ಗೆ ಶ್ರೀರಂಗಪಟ್ಟಣದ ಮುಂದೆ ಇಲ್ಲದೆ ಹೋದದ್ದೂ ಎತ್ತುಗಳೇ.