ಕಂಪನಿಯ ನೋಟೀಸಿಗೆ ಅಂಜಬೇಡಿ, ಉತ್ತರ ಬರೆಯಿರಿ

ಕೆಲವು ವರ್ಷಗಳ ಹಿಂದಿನ ಮಾತು. ಬ್ಯಾಡಗಿ ತಾಲ್ಲೂಕಿನ ರೈತರೊಬ್ಬರು ಮುಂಜಾನೆ ನಮ್ಮ ಕೇಂದ್ರದ ಬಾಗಿಲು ತೆರೆಯುವ ಮೊದಲೇ ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ಕೈಯಲ್ಲಿ ರಿಜಿಸ್ಟರ್ ಅಂಚೆಯ ಲಕೋಟೆ ಇತ್ತು. "ಸಾಹೇಬ್ರ, ಇದರಾಗ ಏನ್ ಬರದಾರ ನೋಡ್ರಿ. ಎರಡು ದಿನ ಆತು, ಮನ್ಯಾಗ ಯಾರೂ ಸರಿಯಾಗಿ ಉಂಡಿಲ್ಲ" ಎಂದರು.

ಅದು ಒಂದು ದೊಡ್ಡ ಬೀಜದ ಕಂಪನಿಯ ಪರವಾಗಿ ವಕೀಲರು ಬರೆದ ನೋಟೀಸು. ಕಂಪನಿಯು ನೋಂದಾಯಿಸಿದ ಮೆಣಸಿನಕಾಯಿ ತಳಿಯನ್ನು ಈ ರೈತರು ಅನುಮತಿಯಿಲ್ಲದೆ ಬೆಳೆದು ಬೀಜ ಮಾರಿದ್ದಾರೆ. 15 ದಿನಗಳೊಳಗೆ ತಪ್ಪೊಪ್ಪಿಗೆಗೆ ಸಹಿ ಹಾಕದಿದ್ದರೆ ಲಕ್ಷಗಟ್ಟಲೆ ಪರಿಹಾರದ ದಾವೆ ಹೂಡಲಾಗುವುದು ಎಂದು ಅದರಲ್ಲಿತ್ತು. ಆದರೆ ಅವರ ಹೊಲದಲ್ಲಿ ಇದ್ದದ್ದು ತಂದೆಯ ಕಾಲದಿಂದ ಕಾಯ್ದುಕೊಂಡು ಬಂದ ಬ್ಯಾಡಗಿ ಕಡ್ಡಿ ಮೆಣಸಿನಕಾಯಿ. ಅದರ ಬೀಜವನ್ನು ಬೀಗರಿಗೂ ನೆರೆಯವರಿಗೂ ಕೊಟ್ಟಿದ್ದರು, ಅಷ್ಟೆ.

ನಾನು ಮೊದಲು ಹೇಳಿದ್ದು, "ಸುಮ್ಮನಿರಿ, ಏನೂ ಆಗುವುದಿಲ್ಲ" ಎಂದು. ಆ ಸಲಹೆ ತಪ್ಪಾಗಿತ್ತು. ವಕೀಲ ಸ್ನೇಹಿತರೊಬ್ಬರು ನನ್ನನ್ನು ತಿದ್ದಿದರು. ತಪ್ಪು ನೋಟೀಸಿಗೆ ಸುಮ್ಮನಿರುವುದು ಉತ್ತರವಲ್ಲ. ಹೆದರಿ ಸಹಿ ಹಾಕುವುದಂತೂ ಅಲ್ಲವೇ ಅಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ನಾವು ಆಗಬಾರದು. ಇಂತಹ ಸಂದರ್ಭದಲ್ಲಿ ರೈತ ಬಂಧುಗಳು ಏನು ಮಾಡಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಗುಜರಾತಿನಲ್ಲಿ ನಡೆದದ್ದು

ಆಲೂಗಡ್ಡೆ ಚಿಪ್ಸ್ ತಯಾರಿಸುವ ಪೆಪ್ಸಿಕೋ ಕಂಪನಿಯು ಎಫ್.ಎಲ್. 2027 ಎಂಬ ಆಲೂಗಡ್ಡೆ ತಳಿಯನ್ನು 2016ರ ಫೆಬ್ರುವರಿಯಲ್ಲಿ ನೋಂದಾಯಿಸಿಕೊಂಡಿತು. ಮಾರುಕಟ್ಟೆಯಲ್ಲಿ ಇದಕ್ಕೆ ಎಫ್.ಸಿ.-5 ಎಂದು ಹೆಸರು. ಈ ತಳಿಯನ್ನು ಅನುಮತಿಯಿಲ್ಲದೆ ಬೆಳೆದರೆಂದು 2019ರ ಏಪ್ರಿಲ್‌ನಲ್ಲಿ ಸಾಬರಕಾಂಠಾ ಜಿಲ್ಲೆಯ ನಾಲ್ವರು ರೈತರ ಮೇಲೆ ಅಹಮದಾಬಾದಿನ ನ್ಯಾಯಾಲಯದಲ್ಲಿ ದಾವೆ ಹೂಡಿತು. ಕೇಳಿದ ಪರಿಹಾರ ಒಬ್ಬೊಬ್ಬರಿಂದ 1 ಕೋಟಿ ರೂಪಾಯಿಗೂ ಹೆಚ್ಚು. ಕೆಲವೇ ಎಕರೆ ಭೂಮಿಯಿರುವ ರೈತನಿಂದ ಒಂದು ಕೋಟಿ! ರೈತರ ಮಾತು ಕೇಳುವ ಮೊದಲೇ ಆ ತಳಿಯನ್ನು ಬೆಳೆಯಬಾರದೆಂದು ತಾತ್ಕಾಲಿಕ ತಡೆಯಾಜ್ಞೆಯೂ ಬಂದಿತು.

ಮುಂದಿನ ವಿಚಾರಣೆಯಲ್ಲಿ ಕಂಪನಿ ಒಂದು ರಾಜಿ ಸೂತ್ರವನ್ನು ಮುಂದಿಟ್ಟಿತು: ನಮ್ಮಿಂದಲೇ ಬೀಜ ಕೊಂಡು ನಮಗೇ ಮಾಲು ಮಾರಿರಿ, ಇಲ್ಲವೆ ಈ ತಳಿ ಬೆಳೆಯುವುದನ್ನು ಬಿಡಿರಿ. ಆಗ ರೈತ ಸಂಘಟನೆಗಳು ಒಟ್ಟಾಗಿ ನಿಂತು ಕಾಯ್ದೆಯ ಪುಸ್ತಕವನ್ನೇ ತೆರೆದು ತೋರಿಸಿದವು. ಸರಕಾರದೊಡನೆ ಮಾತುಕತೆಯ ನಂತರ 2019ರ ಮೇ 2ರಂದು ಕಂಪನಿಯು ದಾವೆಗಳನ್ನು ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿತು; ಅದೇ ತಿಂಗಳು ಹಿಂತೆಗೆದುಕೊಂಡಿತು.

ಆ ತಳಿಯ ನೋಂದಣಿಯ ಬಗ್ಗೆ ಬೇರೆ ವ್ಯಾಜ್ಯವೇ ನಡೆಯಿತು. ಸಸ್ಯ ತಳಿ ಪ್ರಾಧಿಕಾರವು 2021ರ ಡಿಸೆಂಬರ್ 3ರಂದು ನೋಂದಣಿಯನ್ನು ರದ್ದುಪಡಿಸಿತು. ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು 2024ರ ಜನವರಿಯಲ್ಲಿ ಆ ರದ್ದತಿಯನ್ನು ತಳ್ಳಿಹಾಕಿತು. ಇದನ್ನು ಕೇಳಿ ಯಾರೂ ಗಾಬರಿಯಾಗಬೇಕಿಲ್ಲ. ಆ ತೀರ್ಪು ಕಂಪನಿಯ ನೋಂದಣಿಗೆ ಸಂಬಂಧಿಸಿದ್ದು. ರೈತನಿಗೆ ಕಾಯ್ದೆ ಕೊಟ್ಟ ಹಕ್ಕು ಹಾಗೆಯೇ ಇದೆ.

ಕಾಯ್ದೆ ಏನು ಹೇಳುತ್ತದೆ?

ನಮ್ಮ ದೇಶದ ಈ ಕಾಯ್ದೆಯ ಹೆಸರೇ 'ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001'. ತಳಿ ಕಂಡುಹಿಡಿದವನಿಗೂ ಬೆಳೆಯುವವನಿಗೂ ಇದರಲ್ಲಿ ಹಕ್ಕುಂಟು. ಮೂರು ಕಲಮುಗಳನ್ನು ನೆನಪಿನಲ್ಲಿಡಿ.

ಕಲಮು 39: ನೋಂದಾಯಿತ ತಳಿಯಾಗಿದ್ದರೂ ಅದರ ಉತ್ಪನ್ನವನ್ನೂ ಬೀಜವನ್ನೂ ಉಳಿಸಿಕೊಳ್ಳಲು, ಬಿತ್ತಲು, ಮತ್ತೆ ಬಿತ್ತಲು, ವಿನಿಮಯ ಮಾಡಲು, ಹಂಚಿಕೊಳ್ಳಲು, ಮಾರಲು ರೈತನಿಗೆ ಹಕ್ಕಿದೆ. ಒಂದೇ ನಿರ್ಬಂಧವೆಂದರೆ, ಆ ತಳಿಯ ಹೆಸರಿನ ಚೀಟಿ ಅಂಟಿಸಿ ಪೊಟ್ಟಣ ಕಟ್ಟಿ, ಬ್ರಾಂಡ್ ಬೀಜವಾಗಿ ಮಾರುವಂತಿಲ್ಲ.

ಕಲಮು 42: ಇಂತಹ ಹಕ್ಕು ಇನ್ನೊಬ್ಬರಿಗೆ ಇದೆ ಎಂಬುದು ತಿಳಿಯದೆ ರೈತನು ನಡೆದುಕೊಂಡಿದ್ದರೆ ಅದು ಉಲ್ಲಂಘನೆ ಎನಿಸುವುದಿಲ್ಲ.

ಕಲಮು 65: ತಳಿಯ ಹಕ್ಕಿನ ಉಲ್ಲಂಘನೆಯ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ನ್ಯಾಯಾಲಯದಲ್ಲಿ ಹೂಡುವಂತಿಲ್ಲ.

ಎಲ್ಲ ದೇಶಗಳಲ್ಲೂ ಹೀಗಿಲ್ಲ. ಕೆನಡಾದ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಮಾನ್ಸಾಂಟೋ ಕಂಪನಿ ಮತ್ತು ಒಬ್ಬ ಕನೋಲಾ ಬೆಳೆಗಾರನ ನಡುವಿನ ಮೊಕದ್ದಮೆಯಲ್ಲಿ, ಬೀಜ ಉಳಿಸಿ ಬಿತ್ತಿದ ಬೆಳೆಗಾರನು ಪೇಟೆಂಟನ್ನು ಉಲ್ಲಂಘಿಸಿದ್ದಾನೆ ಎಂದೇ ತೀರ್ಪಿತ್ತಿತು. ಹಣ ಕೊಡಬೇಕಿಲ್ಲ ಎಂದಷ್ಟೇ ವಿನಾಯಿತಿ ನೀಡಿತು. ನಮ್ಮ ಪೇಟೆಂಟ್ ಕಾಯ್ದೆಯು ಗಿಡಕ್ಕೂ ಬೀಜಕ್ಕೂ ಪೇಟೆಂಟ್ ಕೊಡುವುದಿಲ್ಲ.

ಹಕ್ಕಿನ ಎಲ್ಲೆ

ಹಕ್ಕು ತಿಳಿದಂತೆ ಅದರ ಎಲ್ಲೆಯನ್ನೂ ತಿಳಿದಿರಬೇಕು. ರಾಣೇಬೆನ್ನೂರಿನ ಸುತ್ತಮುತ್ತ ಅನೇಕರು ಕಂಪನಿಗಳಿಗಾಗಿ ಟೊಮ್ಯಾಟೊ, ಮೆಣಸಿನಕಾಯಿ, ಬೆಂಡೆ, ಹತ್ತಿಯ ಹೈಬ್ರಿಡ್ ಬೀಜ ಬೆಳೆಯುತ್ತಾರೆ. ಅವರಿಗೆ ಗಂಡು ಮತ್ತು ಹೆಣ್ಣು ಸಾಲಿನ ಬೀಜವನ್ನು ಕೊಡುವುದು ಕಂಪನಿ. ಕ್ರಾಸಿಂಗ್ ಮಾಡಿ ಬಂದ ಬೀಜವನ್ನು ಕಂಪನಿಗೇ ಕೊಡುವುದಾಗಿ ಕರಾರು ಇರುತ್ತದೆ. ಆ ಬೀಜವನ್ನು ಹೊರಗೆ ಮಾರಿದರೆ ಅದು ಕರಾರು ಮುರಿದಂತೆ. ಕಲಮು 39 ಇದೆ ಎಂದು ಸುಮ್ಮನಿರಲಾಗದು. ಆದುದರಿಂದ ಕರಾರಿನ ಒಂದು ಪ್ರತಿಯನ್ನು ಬಿತ್ತನೆಗೆ ಮೊದಲೇ ಕೇಳಿ ಪಡೆಯಿರಿ. ಎಷ್ಟೋ ಮನೆಗಳಲ್ಲಿ ಸಹಿ ಹಾಕಿದ ನೆನಪಿರುತ್ತದೆ, ಕಾಗದ ಇರುವುದಿಲ್ಲ.

ಸರಕಾರದ ಅನುಮತಿಯಿಲ್ಲದ ಕುಲಾಂತರಿ ಹತ್ತಿ ಬೀಜದ ಮಾತೂ ಬೇರೆ. ಅದು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅಂತಹ ಬೀಜದ ಗೊಡವೆಗೆ ಹೋಗಬೇಡಿ.

ತಳಿ ಯಾವುದೆಂದು ನಿರ್ಧರಿಸುವುದು ಹೇಗೆ?

ಬೇಸಾಯ ವಿಜ್ಞಾನದ ಮಾತು ಬರುವುದು ಇಲ್ಲಿಯೇ. ಪೇಟೆಯಲ್ಲಿ ನಾಲ್ಕು ಕಾಯಿ ನೋಡಿ 'ಇದು ನಮ್ಮ ತಳಿ' ಎನ್ನಲು ಬರುವುದಿಲ್ಲ. ತಳಿಯನ್ನು ಭಿನ್ನತೆ, ಏಕರೂಪತೆ, ಸ್ಥಿರತೆ ಎಂಬ ಮೂರು ಅಳತೆಗಳಿಂದ, ಗಿಡ, ಎಲೆ, ಹೂವು, ಕಾಯಿಗಳ ಲಕ್ಷಣಗಳನ್ನು ಹೋಲಿಸಿ ಗುರುತಿಸುತ್ತಾರೆ. ಮೆಣಸಿನಕಾಯಿಯಲ್ಲಿ ಪರಕೀಯ ಪರಾಗಸ್ಪರ್ಶ ಸಾಕಷ್ಟು ನಡೆಯುತ್ತದೆ. ಹೀಗಾಗಿ ಹೊಲದಲ್ಲಿ ಕಾಯ್ದಿಟ್ಟ ಕಡ್ಡಿ, ಡಬ್ಬಿ ಬೀಜದಲ್ಲಿ ಗಿಡದಿಂದ ಗಿಡಕ್ಕೆ ವ್ಯತ್ಯಾಸವಿರುವುದು ಸಹಜ. ಅವುಗಳಲ್ಲಿ ಒಂದೆರಡು ಗಿಡ ಕಂಪನಿಯ ತಳಿಯನ್ನು ಹೋತ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಸಾಬೀತುಪಡಿಸುವ ಹೊಣೆ ಆರೋಪ ಹೊರಿಸಿದವರದು.

'ಬ್ಯಾಡಗಿ ಮೆಣಸಿನಕಾಯಿ' ಎಂಬ ಹೆಸರಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಆ ಹೆಸರು ಈ ಸೀಮೆಯ ಬೆಳೆಗಾರರ ಸೊತ್ತು. ಯಾವುದೇ ಒಂದು ಕಂಪನಿಯದಲ್ಲ.

ನೋಟೀಸು ಬಂದಾಗ ಅನುಸರಿಸಬೇಕಾದ ಕ್ರಮಗಳು

1. ಲಕೋಟೆಯನ್ನು ಸ್ವೀಕರಿಸಿರಿ, ಬಂದ ದಿನಾಂಕವನ್ನು ಅದರ ಮೇಲೆ ಬರೆದಿಡಿರಿ. ಲಕೋಟೆಯನ್ನು ಒಗೆಯಬೇಡಿ.

2. ಅದು ವಕೀಲರ ನೋಟೀಸೋ, ನ್ಯಾಯಾಲಯದ ಸಮನ್ಸೋ ಎಂಬುದನ್ನು ತಿಳಿಯಿರಿ. ನೋಟೀಸು ಕೇವಲ ಪತ್ರ. ಸಮನ್ಸ್ ಬಂದರೆ ಸಾಮಾನ್ಯವಾಗಿ 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು, ಹಾಜರಾಗುವುದನ್ನು ತಪ್ಪಿಸಲೇಬಾರದು. ನಿಮ್ಮ ಮಾತು ಕೇಳದೆ ತಡೆಯಾಜ್ಞೆ ಬಂದಿದ್ದರೆ ಅದನ್ನು ತೆರವುಗೊಳಿಸಲು ಅದೇ ನ್ಯಾಯಾಲಯವನ್ನು ಕೇಳಬಹುದು.

3. ಕಂಪನಿಯ ಪ್ರತಿನಿಧಿ ಮನೆಗೆ ಬಂದು 'ಇದೊಂದು ಸಹಿ ಹಾಕಿರಿ, ಮುಗಿಯಿತು' ಎಂದರೆ ಸಹಿ ಹಾಕಬೇಡಿ. ಬಿಳಿ ಕಾಗದದ ಮೇಲಂತೂ ಕೂಡದು.

4. ಹೊಲದಿಂದ ಮಾದರಿ ಒಯ್ಯಲು ಬಂದರೆ ಊರಿನ ಇಬ್ಬರ ಸಮಕ್ಷಮ ಬರೆಸಿಕೊಂಡು, ಅದೇ ಮಾದರಿಯ ಒಂದು ಭಾಗವನ್ನು ಮೊಹರು ಮಾಡಿ ನೀವೂ ಇಟ್ಟುಕೊಳ್ಳಿರಿ.

5. ಉತಾರ, ಬೀಜ ಕೊಂಡ ಪಾವತಿ, ಬೀಜದ ಚೀಲದ ಚೀಟಿ, ದಲಾಲಿ ಅಂಗಡಿಯ ಪಟ್ಟಿ, ಬೆಳೆಯ ಫೋಟೋ ಇವನ್ನೆಲ್ಲ ಒಂದೆಡೆ ಕೂಡಿಸಿರಿ.

6. ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಚೆಲ್ಲಬೇಡಿ. ಹಾವೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೋ, ತಾಲ್ಲೂಕು ಸಮಿತಿಯನ್ನೋ ಕಾಣಿರಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ನಿಗದಿತ ಮಿತಿಗಿಂತ ಕಡಿಮೆ ಆದಾಯವುಳ್ಳವರು ಉಚಿತ ನೆರವಿಗೆ ಅರ್ಹರು.

ಉತ್ತರದಲ್ಲಿ ಇರಬೇಕಾದದ್ದು

ಉತ್ತರವು ಒಂದು ಪುಟ ಮೀರಬೇಕಿಲ್ಲ. ಬೈಗುಳ ಬೇಡ, ಕ್ಷಮೆಯೂ ಬೇಡ. ವಕೀಲರಿಗೆ ತೋರಿಸಿ, ಈ ಧಾಟಿಯಲ್ಲಿ ಬರೆಯಬಹುದು:

"ತಮ್ಮ ಇಂಥ ದಿನಾಂಕದ ನೋಟೀಸು ತಲುಪಿದೆ. ಅದರಲ್ಲಿಯ ಆರೋಪವನ್ನು ನಾನು ಒಪ್ಪುವುದಿಲ್ಲ. ನನ್ನ ಹೊಲದಲ್ಲಿ ಬೆಳೆದದ್ದು ನಾನೇ ಕಾಯ್ದಿಟ್ಟ ಸ್ಥಳೀಯ ಬೀಜ. ತಮ್ಮ ತಳಿಯ ನೋಂದಣಿ ಸಂಖ್ಯೆ, ದಿನಾಂಕ, ಮಾದರಿ ತೆಗೆದ ಸ್ಥಳ ಮತ್ತು ದಿನ, ಪರೀಕ್ಷಾ ವರದಿ ಇವುಗಳ ಪ್ರತಿ ಕಳುಹಿಸಿರಿ. ನಾನು ಯಾವುದೇ ಬ್ರಾಂಡ್ ಬೀಜ ಮಾರಿರುವುದಿಲ್ಲ. ಕಲಮು 39 ಮತ್ತು 42ರ ಮೇರೆಗೆ ನನಗಿರುವ ಹಕ್ಕುಗಳನ್ನು ಕಾಯ್ದಿರಿಸಿದ್ದೇನೆ. ನೋಟೀಸನ್ನು ಹಿಂತೆಗೆದುಕೊಂಡು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ."

ಇಲ್ಲಿ ನಿಮ್ಮ ಮಟ್ಟಿಗೆ ನಿಜವಾದ ಮಾತನ್ನಷ್ಟೇ ಬರೆಯಿರಿ. ಒಂದು ಸುಳ್ಳು ಸೇರಿದರೂ ಉಳಿದ ಸತ್ಯಕ್ಕೆ ಬೆಲೆ ಹೋಗುತ್ತದೆ. ಪತ್ರವನ್ನು ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಕಳುಹಿಸಿ, ಒಂದು ಪ್ರತಿಯನ್ನು ನೀವು ಇಟ್ಟುಕೊಳ್ಳಿರಿ.

ಬ್ಯಾಡಗಿಯ ಆ ರೈತರೂ ಹೀಗೆಯೇ ಬರೆದರು. ನೋಂದಣಿ ಸಂಖ್ಯೆಯಾಗಲಿ, ಪರೀಕ್ಷಾ ವರದಿಯಾಗಲಿ ಬರಲಿಲ್ಲ. ಎರಡನೆಯ ನೋಟೀಸೂ ಬರಲಿಲ್ಲ. ತಪ್ಪಾಯಿತೆಂದು ಒಂದು ಸಾಲನ್ನೂ ಆ ಕಡೆಯವರು ಬರೆಯಲಿಲ್ಲವೆಂಬ ಬೇಸರ ಮಾತ್ರ ಅವರಿಗೆ ಉಳಿಯಿತು. ಮುಂದಿನ ಮುಂಗಾರಿನಲ್ಲಿ ಅದೇ ಬೀಜದಿಂದ ಸಸಿಮಡಿ ಹಾಕಿದರು.

ಕೊನೆಯದಾಗಿ ಒಂದು ಸೂಚನೆ. ನಿಮ್ಮಲ್ಲಿ ತಲೆಮಾರುಗಳಿಂದ ಬಂದ ವಿಶಿಷ್ಟ ತಳಿಯಿದ್ದರೆ ಅದನ್ನು ರೈತರ ತಳಿಯೆಂದು ನೋಂದಾಯಿಸಲು ಅವಕಾಶವಿದೆ. ರೈತರಿಗೆ ಅದಕ್ಕೆ ಶುಲ್ಕವಿಲ್ಲ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಕಂಡು ವಿಚಾರಿಸಿರಿ. ಬೀಜವನ್ನು ಹುಳುವಿನಿಂದ ಕಾಯುವಷ್ಟೇ ಎಚ್ಚರದಿಂದ ಅದರ ಕಾಗದಪತ್ರವನ್ನೂ ಕಾಯ್ದಿಟ್ಟುಕೊಳ್ಳಿರಿ.