ಹಸಿರಲ್ಲದ ಹಸಿರು: ಐರಿಷ್ ನುಡಿಯ ಬಣ್ಣದ ಪದಗಳು

ಐರ್ಲೆಂಡಿನ ಕಾಡುಗಳಲ್ಲಿ ಎರಡು ಬಗೆಯ ಅಳಿಲುಗಳಿವೆ. ಹಳೆಯದು ಕೆಂಪು ಅಳಿಲು. 1911ರಲ್ಲಿ ಲಾಂಗ್‌ಫರ್ಡ್ ಪ್ರಾಂತಕ್ಕೆ ಹೊರಗಿನಿಂದ ತಂದು ಬಿಟ್ಟದ್ದು ಬೂದು ಅಳಿಲು. ಐರಿಷ್ ಭಾಷೆಯಲ್ಲಿ ಮೊದಲನೆಯದು ‘ಇರ ರೂಅ’, ಎರಡನೆಯದು ‘ಇರ ಗ್ಲಸ್’. ನಿಘಂಟು ತೆರೆದ ವಿದ್ಯಾರ್ಥಿಗೆ ‘ಗ್ಲಸ್’ ಎಂಬುದಕ್ಕೆ ಹಸಿರು ಎಂಬ ಅರ್ಥವೇ ಮೊದಲು ಕಾಣುತ್ತದೆ. ಹಸಿರು ಅಳಿಲನ್ನು ಕಂಡವರಾರು?

ತೊಡಕು ಅಳಿಲಿನದಲ್ಲ, ಕಲಿಕೆಯ ದಾರಿಯದು. ಇಂದು ಐರಿಷ್ ಕಲಿಯುವವರಲ್ಲಿ ಬಹುತೇಕರು ಇಂಗ್ಲಿಷಿನ ಮೂಲಕವೇ ಅದರ ಬಳಿಗೆ ಬರುತ್ತಾರೆ. ಇಂಗ್ಲಿಷಿನ ಒಂದು ಬಣ್ಣಕ್ಕೆ ಐರಿಷಿನ ಒಂದು ಪದವೆಂದು ಜೋಡಿಸಿಕೊಂಡರೆ ಹಸಿರಿಗೆ ‘ಗ್ಲಸ್’, ಬೂದಿಗೆ ‘ಲೀಅ’ ಎಂದು ಲೆಕ್ಕ ಮುಗಿಯುತ್ತದೆ. ಅಲ್ಲಿಗೆ ನುಡಿಯ ಸ್ವಂತ ಕಣ್ಣೂ ಮುಚ್ಚುತ್ತದೆ. ಹುಲ್ಲು ಗ್ಲಸ್, ಬೂದು ಕುದುರೆ ಗ್ಲಸ್, ಬೂದು ಕುರಿಯೂ ಗ್ಲಸ್. ನರೆತ ಕೂದಲು ಮಾತ್ರ ಲೀಅ. ಮಾಗದ ಕಾಯಿ, ಅನುಭವವಿಲ್ಲದ ಹುಡುಗ, ಮೈ ಕೊರೆಯುವ ಚಳಿಯ ಬೆಳಗು, ಇವೂ ಗ್ಲಸ್.

ಕಾಸರಗೋಡಿನ ನಮಗೆ ಇದು ಅಷ್ಟೇನೂ ದೂರದ ಮಾತಲ್ಲ. ಮಲಯಾಳದ ‘ಪಚ್ಚ’ ಎಂದರೆ ಹಸಿರು. ಆದರೆ ‘ಪಚ್ಚವೆಳ್ಳಂ’ ಹಸಿರು ನೀರಲ್ಲ, ಕಾಯಿಸದ ನೀರು. ಕನ್ನಡದ ‘ಹಸಿ’, ‘ಹಸಿರು’ಗಳೂ ಅದೇ ಬೇರಿನವು. ಐರಿಷಿಗೂ ದ್ರಾವಿಡಕ್ಕೂ ಕುಲಸಂಬಂಧವಿಲ್ಲ. ಆದರೂ ಹಸಿತನವನ್ನೂ ಹಸಿರನ್ನೂ ಒಂದೇ ಮಾತಿನಲ್ಲಿ ಹಿಡಿಯುವ ಬಗೆ ಎರಡೂ ಕಡೆ ಇದೆ.

ಬಣ್ಣ ಹಾಕಿದ ವಸ್ತುವಿನ ಹಸಿರಿಗೆ ಐರಿಷಿನಲ್ಲಿ ಬೇರೆಯೇ ಪದವುಂಟು: ‘ಊನ್ಯ’. 1937ರ ಸಂವಿಧಾನದ ಐರಿಷ್ ಪಾಠವು ರಾಷ್ಟ್ರಧ್ವಜದ ಬಣ್ಣಗಳನ್ನು ‘ಊನ್ಯ, ಬಾನ್, ಫ್ಲನ್‌ವೀ’ ಎಂದು ಹೇಳುತ್ತದೆ. ಧ್ವಜದ ಹಸಿರು ಗ್ಲಸ್ ಅಲ್ಲ, ಅದು ಬಟ್ಟೆಗೆ ಹಾಕಿದ ಬಣ್ಣ. ‘ಬಾನ್’ ಎಂದರೆ ಬಿಳಿ. ‘ಫ್ಲನ್’ ಎಂದರೆ ರಕ್ತಗೆಂಪು, ಅದರೊಡನೆ ಹಳದಿ ಸೇರಿದರೆ ಕಿತ್ತಳೆ. ಈಗ ಕಿತ್ತಳೆ ಹಣ್ಣಿನ ಹೆಸರೇ ಬಣ್ಣಕ್ಕೂ ಬಳಕೆಯಾಗುತ್ತಿದೆ. ನನಗಂತೂ ಹಳೆಯ ಸಮಾಸವೇ ಚೆಂದ.

ಕೆಂಪಿನಲ್ಲಿಯೂ ಇಂಥದೇ ಭೇದ. ಕೆಂಪು ಅಂಗಿ ‘ದ್ಯರಗ್’. ಕೆಂಚು ಕೂದಲು, ಅಳಿಲಿನ ತುಪ್ಪಳು ‘ರೂಅ’. ನರಿಯ ಹೆಸರು ‘ಮದ್ರ ರೂಅ’, ಅಂದರೆ ಕೆಂಚು ನಾಯಿ. ಮಗನಿಗೆ ಕೆಂಚಪ್ಪನೆಂದು ಹೆಸರಿಟ್ಟವರಿಗೆ ಈ ಭೇದ ತಾನಾಗಿಯೇ ತಿಳಿದೀತು. ‘ಗೊರಮ್’ ಎಂಬುದು ನೀಲಿ. ಕಪ್ಪು ಮೈಬಣ್ಣದವರನ್ನು ಹೇಳಲೂ ಸಾಂಪ್ರದಾಯಿಕವಾಗಿ ಇದೇ ಪದ. ಕೃಷ್ಣನನ್ನು ನೀಲಮೇಘಶ್ಯಾಮನೆಂದು ಕರೆಯುವ ನಾಡಿನಲ್ಲಿ ಇದಕ್ಕೆ ವಿವರಣೆ ಬೇಕಿಲ್ಲ.

ಆದುದರಿಂದ ಪದಪಟ್ಟಿಯಲ್ಲಿ ‘ಗ್ಲಸ್’ ಎಂದು ಒಂಟಿಯಾಗಿ ಬರೆದುಕೊಳ್ಳುವುದಕ್ಕಿಂತ ಹುಲ್ಲನ್ನೂ ಕುದುರೆಯನ್ನೂ ಅದರ ಮಗ್ಗುಲಲ್ಲೇ ಬರೆದುಕೊಳ್ಳುವುದು ಲೇಸು. ವ್ಯಾಕರಣವೂ ಇದನ್ನೇ ಬೇಡುತ್ತದೆ. ಐರಿಷಿನಲ್ಲಿ ಬಣ್ಣದ ಪದ ನಾಮಪದದ ಹಿಂದೆ ಬರುತ್ತದೆ, ಅದರ ಲಿಂಗಕ್ಕೆ ತಕ್ಕಂತೆ ತನ್ನ ಮೊದಲ ಧ್ವನಿಯನ್ನೂ ಬದಲಿಸುತ್ತದೆ. ಬೆಕ್ಕು ಪುಲ್ಲಿಂಗ; ಕಪ್ಪು ಬೆಕ್ಕು ‘ಕತ್ ದುವ್’. ಹಸು ಸ್ತ್ರೀಲಿಂಗ, ಕಪ್ಪು ಹಸು ‘ಬೋ ಘುವ್’.