ಹಳೇ ಆಂಪ್ಲಿಫೈಯರ್ ಮತ್ತು ಐನೂರು ರೂಪಾಯಿಯ ಮಲ್ಟಿಮೀಟರ್

ಒಂದು ಒಳ್ಳೆ ಆಂಪ್ಲಿಫೈಯರ್‌ಗೆ ವಯಸ್ಸಾಗೋದು ಫೋನಿಗೆ ವಯಸ್ಸಾದ ಹಾಗಲ್ಲ. ಐದು ವರ್ಷದ ಹಳೇ ಫೋನಿಗೆ ಅಪ್‌ಡೇಟ್ ಬರೋದು ನಿಂತಿರುತ್ತೆ, ಬ್ಯಾಟರಿ ಸೊರಗಿರುತ್ತೆ. ಆಂಪ್ಲಿಫೈಯರ್‌ನ ಕೆಲಸ ಮಾತ್ರ ಐವತ್ತು ವರ್ಷದಿಂದ ಅದೇ: ಸಣ್ಣ ಸಿಗ್ನಲ್ ತಗೊಂಡು, ಸ್ಪೀಕರ್ ಓಡಿಸುವಷ್ಟು ದೊಡ್ಡದು ಮಾಡಿ ಕೊಡೋದು. ಎನ್‌ಎಡಿ ಕಂಪನಿಯ 3020 ಮಾಡೆಲ್ ಬಂದಿದ್ದು 1978ರಲ್ಲಿ. ಹೇಳಿಕೊಳ್ಳೋಕೆ ಚಾನಲ್‌ಗೆ ಬರೀ 20 ವ್ಯಾಟ್. ಇವತ್ತಿಗೂ ಅದನ್ನ ಹುಡುಕಿಕೊಂಡು ಹೋಗಿ ಕೊಳ್ಳೋರಿದ್ದಾರೆ.

ಆದರೆ ಬೆಲೆ ಫೋನಿನ ಹಾಗೇ ಬೀಳುತ್ತೆ. ನಮಗೆ ಲಾಭ ಇರೋದು ಅಲ್ಲೇ. ಅಂಗಡಿಯಲ್ಲಿ ಲಕ್ಷದ ಆಸುಪಾಸಿನ ಆಂಪ್ಲಿಫೈಯರ್, ಎಂಟು ವರ್ಷ ಬಳಸಿದ ಮೇಲೆ ಅರ್ಧಕ್ಕಿಂತ ಕಡಿಮೆಗೆ ಸಿಕ್ಕಿದ್ದನ್ನ ನಾನು ಬೆಂಗಳೂರಲ್ಲಿ ಬೇಕಾದಷ್ಟು ಸಲ ನೋಡಿದ್ದೀನಿ. ಮಾರೋರು ಸಾಮಾನ್ಯವಾಗಿ ವಿದೇಶಕ್ಕೆ ಹೊರಟವರು, ಮನೆ ಚಿಕ್ಕದು ಮಾಡಿಕೊಂಡವರು, ಇಲ್ಲಾ ಸೌಂಡ್‌ಬಾರ್ ತಂದವರು.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಸ್ಟೀರಿಯೋ ಆಂಪ್ಲಿಫೈಯರ್ ತಗೊಳ್ಳಿ, ಹೋಮ್ ಥಿಯೇಟರ್ ರಿಸೀವರ್ ಬೇಡ. ಹಳೇ ರಿಸೀವರ್‌ನ ಎಚ್‌ಡಿಎಂಐ ಇವತ್ತಿನ 4ಕೆ ಟಿವಿಗೆ ಒಗ್ಗದೇ ಇರಬಹುದು. ಸ್ಟೀರಿಯೋಗೆ ಆ ತಲೆನೋವಿಲ್ಲ. ಬ್ಲೂಟೂತ್ ಇಲ್ವಲ್ಲ ಅಂದ್ರೆ, ಎರಡು ಸಾವಿರದ ಒಂದು ಪುಟ್ಟ ಡಬ್ಬಿ ಹಿಂದಿನ ಸಾಕೆಟ್‌ಗೆ ಚುಚ್ಚಿದರೆ ಆಯ್ತು.

ವ್ಯಾಟ್ ಹಿಂದೆ ಓಡೋದೂ ಬೇಡ. ವ್ಯಾಟ್ ಎರಡು ಪಟ್ಟಾದರೆ ಸಿಗೋದು ಬರೀ 3 ಡೆಸಿಬಲ್. ಕಿವಿಗೆ ಶಬ್ದ ಎರಡು ಪಟ್ಟು ಅನ್ನಿಸಬೇಕಾದರೆ ಹೆಚ್ಚುಕಮ್ಮಿ ಹತ್ತು ಪಟ್ಟು ವ್ಯಾಟ್ ಬೇಕು. ನಮ್ಮ ಅಪಾರ್ಟ್‌ಮೆಂಟ್ ಹಾಲ್‌ಗಳಿಗೆ 40-50 ವ್ಯಾಟ್ ಧಾರಾಳ. ಅದಕ್ಕಿಂತ ಜಾಸ್ತಿಯಾದರೆ ಪಕ್ಕದ ಮನೆಯವರೇ ಹೇಳ್ತಾರೆ.

ದುಡ್ಡು ಕೊಡೋ ಮುಂಚೆ ಹಿಂದಿನ ಪ್ಲೇಟ್ ಓದಿ. ಜಪಾನ್ ಮಾರುಕಟ್ಟೆಗೆ ಮಾಡಿದ್ದು 100 ವೋಲ್ಟ್, ಅಮೆರಿಕದ್ದು 120. ನಮ್ಮ ಗೋಡೆಯಲ್ಲಿ ಇರೋದು 230. ನೇರ ಚುಚ್ಚಿದರೆ ಫ್ಯೂಸ್ ಹೋದರೆ ಪುಣ್ಯ, ಎಲ್ಲವೂ ಹೋಗಬಹುದು. ಕೆಲವು ಮಾಡೆಲ್‌ಗಳಲ್ಲಿ ವೋಲ್ಟೇಜ್ ಬದಲಿಸೋ ಸ್ವಿಚ್ ಇರುತ್ತೆ. ಇಲ್ಲದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡೀಬೇಕು.

ಇನ್ನು ಮಲ್ಟಿಮೀಟರ್. ಎಸ್‌ಪಿ ರೋಡಿನಲ್ಲಿ ಐನೂರು ರೂಪಾಯಿಗೆ ಸಿಗುತ್ತೆ. ಹಾಡು ಹಾಕದೆ, ಸ್ಪೀಕರ್ ವೈರ್ ಬಿಚ್ಚಿ, ಆಂಪ್ಲಿಫೈಯರ್ ಆನ್ ಮಾಡಿ ಹತ್ತು ನಿಮಿಷ ಬಿಡಿ. ಆಮೇಲೆ ಸ್ಪೀಕರ್ ಟರ್ಮಿನಲ್‌ಗಳಲ್ಲಿ ಡಿಸಿ ವೋಲ್ಟೇಜ್ ಅಳೀರಿ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು. 20-30 ಮಿಲಿವೋಲ್ಟ್ ಅಂದ್ರೆ ಚಿಂತೆ ಇಲ್ಲ. 100 ದಾಟಿದರೆ ಒಳಗೆ ಯಾವುದೋ ಭಾಗ ತನ್ನ ಜಾಗ ಬಿಟ್ಟು ಸರಿದಿದೆ ಅಂತ ಅರ್ಥ.

ಬಸವನಗುಡಿಯಲ್ಲಿ ಒಬ್ಬ ನಿವೃತ್ತ ಹಿರಿಯರ ಮನೆಗೆ ಹೋಗಿದ್ದೆ. ಎಂಬತ್ತರ ದಶಕದ ಜಪಾನಿ ಆಂಪ್ಲಿಫೈಯರ್, ಮೇಲೆ ಕ್ರೋಶಾ ಹೊದಿಕೆ, ಒಂದು ಸ್ಕ್ರೂ ತಲೆಯೂ ಸವೆದಿಲ್ಲ. ಅಂದರೆ ಯಾರೂ ಬಿಚ್ಚಿಲ್ಲ. "ಕಿವಿ ಮಂದ ಆಯ್ತಪ್ಪ, ಇನ್ನು ಇದನ್ನ ಇಟ್ಕೊಂಡು ಏನು ಮಾಡ್ಲಿ" ಅಂದರು. ಅಳೆದೆ. ಬಲಗಡೆ 12, ಎಡಗಡೆ 180. ಅವರು ಕೇಳುತ್ತಿದ್ದುದು ಇಪ್ಪತ್ತೈದು ಸಾವಿರ. ಮೀಟರ್ ತೋರಿಸಿ "ಇದು ಗುಜರಿ" ಅಂದಿದ್ದರೆ ಹತ್ತಕ್ಕೆ ಕೊಟ್ಟುಬಿಡುತ್ತಿದ್ದರು. ಈ ವ್ಯಾಪಾರದಲ್ಲಿ ಹಾಗೆ ಹೆದರಿಸಿ ಕೊಳ್ಳೋರು ಬೇಕಾದಷ್ಟು ಜನ ಇದ್ದಾರೆ. ಅದನ್ನ ಜಾಣತನ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ.

"ಸರ್, ಇದು ರಿಪೇರಿ ಆಗುತ್ತೆ. ಎಷ್ಟಾಗುತ್ತೆ ಅಂತ ತಿಳ್ಕೊಂಡು ಆಮೇಲೆ ರೇಟು ಮಾತಾಡೋಣ" ಅಂದೆ. ಅವರಿಗೆ ಅದು ಕೇಳಿಸಲಿಲ್ಲ, ಮಗಳು ಜೋರಾಗಿ ಹೇಳಿದರು. ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಕಡಲೆಬೀಜದಷ್ಟು ಗಾತ್ರದ ಒಂದು ಪ್ರಿಸೆಟ್ ತುಕ್ಕು ಹಿಡಿದಿತ್ತು. ಅದನ್ನ ಬದಲಿಸಿ, ನಾಲ್ಕು ಕೆಪಾಸಿಟರ್ ಹೊಸದು ಹಾಕಿ, ಮತ್ತೆ ಸೆಟ್ ಮಾಡೋಕೆ ಒಟ್ಟು ಎರಡೂವರೆ ಸಾವಿರ. ಅಷ್ಟನ್ನ ಕಳೆದು ಇಪ್ಪತ್ತೆರಡೂವರೆಗೆ ತಂದೆ. ಈಗ ಎರಡೂ ಕಡೆ ಹತ್ತರ ಒಳಗಿದೆ. ಹಿರಿಯರು ಹೊದಿಕೆಯನ್ನೂ ಜೊತೆಗೆ ಕೊಟ್ಟರು. ಅದನ್ನ ಮಡಿಚಿ ಬೀರುವಿನಲ್ಲಿ ಇಟ್ಟಿದ್ದೀನಿ, ಯಾಕಂದ್ರೆ ಆಂಪ್ಲಿಫೈಯರ್ ಮೇಲೆ ಬಟ್ಟೆ ಹೊದಿಸಿದರೆ ಬಿಸಿ ಹೊರಗೆ ಹೋಗಲ್ಲ.

ಉಳಿದ ಪರೀಕ್ಷೆಗೆ ಕಿವಿ ಸಾಕು. ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯಿಂದ ಹೋಗುತ್ತೆ, ಅದನ್ನ ಚೌಕಾಸಿಗೆ ಬಳಸಿ. ಮುಟ್ಟದೇ ಇದ್ದಾಗಲೂ ಚಟಪಟ ಅಂದರೆ ಕಾಯಿಲೆ ದೊಡ್ಡದು. ಮೆಲ್ಲಗೆ ಹಾಡುವಾಗ ಒಂದು ಕಡೆ ಸ್ಪೀಕರ್ ಸುಮ್ಮನಾಗಿ, ಜೋರು ಮಾಡಿದಾಗ ಎದ್ದರೆ, ಹೆಚ್ಚಾಗಿ ಸ್ಪೀಕರ್ ರಿಲೇ ಹಳತಾಗಿರುತ್ತೆ. ಅದು ಕಡಿಮೆ ಖರ್ಚಿನ ಕೆಲಸ. ಮೇಲಿನ ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿ, ಕೆಪಾಸಿಟರ್ ತಲೆ ಉಬ್ಬಿದ್ದರೆ ಅದರ ಖರ್ಚನ್ನೂ ಸೇರಿಸಿ. ಕನಿಷ್ಠ ಒಂದು ಗಂಟೆ ಓಡಿಸಿ, ಕೆಲವು ತೊಂದರೆ ಬಿಸಿಯಾದ ಮೇಲೇ ಕಾಣಿಸೋದು. ಅಷ್ಟು ಹೊತ್ತು ಕೂರೋಕೆ ಬಿಡದ ಮಾರಾಟಗಾರನ ಹತ್ತಿರ ನಾನಂತೂ ಕೊಳ್ಳಲ್ಲ.

ಕೊರಿಯರ್‌ನಲ್ಲಿ ತರಿಸೋದನ್ನ ಆದಷ್ಟು ತಪ್ಪಿಸಿ. ಒಳಗಿನ ಟ್ರಾನ್ಸ್‌ಫಾರ್ಮರ್ ಒಂದೇ ಹಲವು ಕೆಜಿ ತೂಗುತ್ತೆ. ಪೆಟ್ಟಿಗೆ ಒಂದು ಸಲ ಎತ್ತರದಿಂದ ಬಿದ್ದರೆ ಅದು ಬೋಲ್ಟ್ ಸಮೇತ ಕಿತ್ತು ಬರಬಹುದು. ಕಾರಿನ ಹಿಂದಿನ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ ಕಂಬಳಿ ಹಾಸಿ ಇಟ್ಟುಕೊಂಡು ಬನ್ನಿ, ಸ್ಪೀಡ್ ಬ್ರೇಕರ್ ಬಂದಾಗ ನಿಧಾನ.